ಶಾಲೆಯಲ್ಲಿ ಮಕ್ಕಳ ಕಣ್ಣು, ಹಲ್ಲು, ಬೆನ್ನು ನೋಡುವುದು ಹೇಗೆ?

ಜೂನ್ ಬಂತೆಂದರೆ ಒಂದೇ ಪ್ರಶ್ನೆ ಬೇರೆ ಬೇರೆ ಬಾಯಿಂದ ಬರುತ್ತದೆ. ಒಮ್ಮೆ ಸರ್ಕಾರಿ ಶಾಲೆಯ ಮೇಡಂ, ಒಮ್ಮೆ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು, ಒಮ್ಮೆ ಅಪಾರ್ಟ್‌ಮೆಂಟ್ ಸಂಘದವರು. "ನಮ್ಮ ಬಡಾವಣೆ ಶಾಲೆ ಮಕ್ಕಳ ಕಣ್ಣು, ಹಲ್ಲು ಎಲ್ಲ ಒಂದ್ಸಲ ನೋಡಿಸ್ಬೇಕು. ಏನೇನು ಬೇಕು, ಯಾರು ಮಾಡ್ಬಹುದು?" ಪ್ರತಿಯೊಬ್ಬರಿಗೂ ಫೋನಿನಲ್ಲಿ ಅರ್ಧರ್ಧ ಹೇಳುವ ಬದಲು ಪೂರ್ತಿಯಾಗಿ ಇಲ್ಲಿ ಬರೆದಿದ್ದೇನೆ. ಬೆಂಗಳೂರಿನ ಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಆದರೆ ಕ್ರಮ ಎಲ್ಲ ಊರಿಗೂ ಒಂದೇ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ನಾವು ಮಾಡುವುದು ತಪಾಸಣೆ, ಅಂದರೆ ಸ್ಕ್ರೀನಿಂಗ್. ಅದು ಜರಡಿ ಹಿಡಿದ ಹಾಗೆ. ಯಾವ ಮಗುವನ್ನು ಡಾಕ್ಟರ್ ನೋಡಬೇಕು, ಯಾವ ಮಗುವಿಗೆ ಸದ್ಯ ಬೇಡ ಎಂದು ಬೇರ್ಪಡಿಸುವುದಷ್ಟೇ ನಮ್ಮ ಕೆಲಸ. "ನಿಮ್ಮ ಮಗನಿಗೆ ಇಂಥ ಕಾಯಿಲೆ ಇದೆ" ಎಂದು ಹೇಳುವ ಅಧಿಕಾರ ನಮಗಿಲ್ಲ. ಜರಡಿ ಹಿಡಿಯಲು ಡಾಕ್ಟರೇ ಆಗಬೇಕಿಲ್ಲ. ಅರ್ಧ ದಿನ ಕಲಿತರೆ ಟೀಚರ್, ಪಿಟಿ ಮೇಷ್ಟ್ರು, ಪೋಷಕರು ಎಲ್ಲರೂ ಮಾಡಬಹುದು.

1. ಕಳಿಸುವ ಜಾಗ ಮೊದಲು, ದಿನಾಂಕ ಆಮೇಲೆ

ಹೆಚ್ಚಿನವರು ಎಡವುವುದು ಇಲ್ಲೇ. ಮೊದಲು ದಿನಾಂಕ ಇಡುತ್ತಾರೆ, ಬ್ಯಾನರ್ ಮಾಡಿಸುತ್ತಾರೆ, ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಸಂಜೆಗೆ ಮೂವತ್ತು ಮಕ್ಕಳಿಗೆ ಕಣ್ಣು ಸರಿಯಿಲ್ಲ ಎಂದು ಗೊತ್ತಾಗುತ್ತದೆ. ಅವರನ್ನು ಎಲ್ಲಿಗೆ ಕಳಿಸುವುದು ಎಂದು ಮಾತ್ರ ಯಾರೂ ಯೋಚಿಸಿರುವುದಿಲ್ಲ. ಮಗುವಿಗೆ ತೊಂದರೆ ಇದೆ ಎಂದು ಹೇಳಿ ದಾರಿ ತೋರಿಸದೆ ಬಿಟ್ಟರೆ ಮನೆಯವರಿಗೆ ಭಯ ಉಳಿಯುತ್ತದೆ, ಪ್ರಯೋಜನ ಏನೂ ಆಗುವುದಿಲ್ಲ.

ಹಾಗಾಗಿ ಮೊದಲು ಮೂರು ಬಾಗಿಲು ಹುಡುಕಿಟ್ಟುಕೊಳ್ಳಿ. ಕಣ್ಣಿಗೆ ಒಂದು, ಹಲ್ಲಿಗೆ ಒಂದು, ಮೂಳೆಗೆ ಒಂದು. ಬೆಂಗಳೂರಿನಲ್ಲಿ ಸರ್ಕಾರಿ ಆಸ್ಪತ್ರೆಗಳೇ ಇವೆ. ಕಣ್ಣಿಗೆ ನೂರು ವರ್ಷಕ್ಕೂ ಹಳೆಯದಾದ ಮಿಂಟೋ ಆಸ್ಪತ್ರೆ. ಹಲ್ಲಿಗೆ ವಿಕ್ಟೋರಿಯಾ ಆವರಣದ ಸರ್ಕಾರಿ ದಂತ ವೈದ್ಯಕೀಯ ಕಾಲೇಜು. ಇವೆರಡೂ ಕೆ.ಆರ್. ಮಾರ್ಕೆಟ್ ಸುತ್ತಮುತ್ತಲೇ ಇವೆ, ಬಸ್ಸು, ಮೆಟ್ರೋ ಎರಡೂ ಹತ್ತಿರ. ಮೂಳೆಗೆ ಜಯನಗರದ ಸಂಜಯ ಗಾಂಧಿ ಆಸ್ಪತ್ರೆ. ಚಿಕ್ಕ ಮಕ್ಕಳ ಬೇರೆ ತೊಂದರೆಗಳಿಗೆ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ. ನಿಮ್ಮ ಬಡಾವಣೆಯ ಹತ್ತಿರ ಡೆಂಟಲ್ ಕಾಲೇಜು ಅಥವಾ ಟ್ರಸ್ಟ್ ನಡೆಸುವ ಕಣ್ಣಿನ ಆಸ್ಪತ್ರೆ ಇದ್ದರೆ ಇನ್ನೂ ಒಳ್ಳೆಯದು. ಅಂಥ ಕಡೆ ಖುದ್ದಾಗಿ ಹೋಗಿ, ವಾರದ ಯಾವ ದಿನ ಮಕ್ಕಳ ಒಪಿಡಿ (ಹೊರರೋಗಿ ವಿಭಾಗ), ಚೀಟಿಗೆ ಎಷ್ಟು, ಎಷ್ಟು ಗಂಟೆಗೆ ಸಾಲು ಮುಚ್ಚುತ್ತಾರೆ ಎಂದು ಕೇಳಿ ಬರೆದುಕೊಳ್ಳಿ. ಫೋನಿನಲ್ಲಿ ಕೇಳಿದ್ದನ್ನು ನಂಬಬೇಡಿ.

ಸರ್ಕಾರಿ, ಅನುದಾನಿತ ಶಾಲೆಯಾದರೆ ಇನ್ನೊಂದು ಅನುಕೂಲ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ಅಂದರೆ ಆರ್‌ಬಿಎಸ್‌ಕೆ. ಹುಟ್ಟಿದಾಗಿನಿಂದ 18 ವರ್ಷದವರೆಗಿನ ಮಕ್ಕಳಿಗಾಗಿ ಇರುವ ಯೋಜನೆ. ಇದರ ಸಂಚಾರಿ ವೈದ್ಯರ ತಂಡ ಶಾಲೆಗೆ ವರ್ಷಕ್ಕೊಮ್ಮೆ ಬರಬೇಕು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ತಂಡ ಯಾವಾಗ ಬರುತ್ತದೆ ಎಂದು ತಿಳಿದುಕೊಳ್ಳಿ. ನೀವು ಮೊದಲೇ ಜರಡಿ ಹಿಡಿದು ಪಟ್ಟಿ ಕೈಯಲ್ಲಿಟ್ಟರೆ ಅವರಿಗೂ ಸುಲಭ. ಅವರು ಬರೆದುಕೊಟ್ಟ ಚೀಟಿ ಇದ್ದರೆ ದೊಡ್ಡಾಸ್ಪತ್ರೆಯಲ್ಲಿ ಅಲೆದಾಟವೂ ಕಡಿಮೆ.

ದಿನಾಂಕಕ್ಕೆ ನನ್ನ ಸಲಹೆ ಜುಲೈ. ಜೂನಿನಲ್ಲಿ ಅಡ್ಮಿಷನ್ ಗಲಾಟೆ ಮುಗಿದಿರುವುದಿಲ್ಲ. ಜುಲೈನಲ್ಲಿ ಮಾಡಿದರೆ ದಸರಾ ರಜೆಯೊಳಗೆ ಆಸ್ಪತ್ರೆಗೆ ಹೋಗಿ ಬರಲು ಸಮಯ ಸಿಗುತ್ತದೆ. ಜನವರಿ ಆಮೇಲೆ ಮಾಡಿದರೆ "ಪರೀಕ್ಷೆ ಮುಗೀಲಿ" ಎಂದು ಮುಂದಕ್ಕೆ ಹೋಗಿ, ಬೇಸಿಗೆಯಲ್ಲಿ ಮಕ್ಕಳು ಊರಿಗೆ ಹೋಗಿಬಿಡುತ್ತಾರೆ.

2. ಒಪ್ಪಿಗೆ ಮತ್ತು ಗುಟ್ಟು

ಒಂದು ಪುಟದ ಒಪ್ಪಿಗೆ ಪತ್ರ ಮನೆಗೆ ಕಳಿಸಿ. ಕನ್ನಡದಲ್ಲಿರಲಿ. ನಿಮ್ಮ ಶಾಲೆಯಲ್ಲಿ ಉರ್ದು, ತಮಿಳು, ತೆಲುಗು, ಹಿಂದಿ ಮಾತಾಡುವ ಮನೆಗಳಿದ್ದರೆ ಆ ಭಾಷೆಯಲ್ಲೂ ನಾಲ್ಕು ಸಾಲು ಬರೆಸಿ. ಓದಲು ಬಾರದ ತಂದೆ-ತಾಯಿಗೆ ಮಗುವನ್ನು ಬಿಡಲು ಬಂದಾಗ ಗೇಟಿನ ಹತ್ತಿರವೇ ಬಾಯಲ್ಲಿ ಹೇಳಿ. ಏನು ನೋಡುತ್ತೀರಿ, ಯಾರು ನೋಡುತ್ತಾರೆ, ಸೂಜಿ ಚುಚ್ಚುವುದಿಲ್ಲ, ಹಲ್ಲು ಕೀಳುವುದಿಲ್ಲ ಎಂಬ ನಾಲ್ಕು ಮಾತು ಖಂಡಿತ ಇರಲಿ. ಸೂಜಿಯ ಭಯಕ್ಕೇ ಆ ದಿನ ಎಷ್ಟೋ ಮಕ್ಕಳು ಶಾಲೆಗೆ ಬರುವುದಿಲ್ಲ.

ಅದೇ ಪತ್ರದಲ್ಲಿ ಮನೆಯವರಿಗೆ ಮೂರು ಪ್ರಶ್ನೆ ಕೇಳಿ. ಮಗು ಟಿವಿಗೆ ತೀರಾ ಹತ್ತಿರ ಕೂರುತ್ತದೆಯಾ? ಸಂಜೆ ಕತ್ತಲಾಗುತ್ತಿದ್ದಂತೆ ತಡವರಿಸುತ್ತದೆಯಾ? ಹಲ್ಲುನೋವೆಂದು ಒಂದೇ ಕಡೆ ಅಗಿಯುತ್ತದೆಯಾ? ಎರಡನೇ ಪ್ರಶ್ನೆ ಇರುಳುಗುರುಡಿನದು. ವಿಟಮಿನ್ ಎ ಕೊರತೆಯಲ್ಲಿ ಮೊದಲು ಕಾಣುವ ಲಕ್ಷಣ ಅದೇ. ಇದನ್ನು ತಾಯಿ ಮಾತ್ರ ಗಮನಿಸಿರುತ್ತಾಳೆ, ಚಾರ್ಟ್ ಹಿಡಿದರೆ ಗೊತ್ತಾಗುವುದಿಲ್ಲ.

ಇನ್ನು ಗುಟ್ಟಿನ ಮಾತು. ಯಾವ ಮಗುವಿನ ಫಲಿತಾಂಶವನ್ನೂ ತರಗತಿಯಲ್ಲಿ ಕೂಗಿ ಹೇಳಬೇಡಿ, ಪಟ್ಟಿಯ ಫೋಟೋ ತೆಗೆದು ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಮಕ್ಕಳು ಒಬ್ಬರನ್ನೊಬ್ಬರು "ನಾಲ್ಕು ಕಣ್ಣು", "ಗೂನಿ" ಎಂದು ಕರೆಯಲು ಶುರು ಮಾಡುವುದು ಇಂಥ ಕಡೆಯಿಂದಲೇ. ಹಾಗೆ ಕರೆಸಿಕೊಂಡ ಮಗು ಮಾರನೇ ದಿನ ಕನ್ನಡಕವನ್ನು ಬ್ಯಾಗಿನ ತಳಕ್ಕೆ ಹಾಕುತ್ತದೆ.

3. ಸಾಮಾನು ಮತ್ತು ಜಾಗ

ಬೇಕಾದ್ದು ಕಡಿಮೆಯೇ. ಕಣ್ಣಿನ ಚಾರ್ಟ್ ಎರಡು, ಅಳತೆ ಟೇಪು, ಎರಡು ಒಳ್ಳೆಯ ಟಾರ್ಚು, ಕಣ್ಣು ಮುಚ್ಚಲು ರಟ್ಟಿನ ತುಂಡುಗಳು, ಬಾಯಿ ನೋಡಲು ಐಸ್‌ಕ್ರೀಮ್ ಕಡ್ಡಿಯಂಥ ಮರದ ಕಡ್ಡಿಗಳು, ಕಸದ ಮುಚ್ಚಿದ ಬಕೆಟ್ಟು, ಕೈ ತೊಳೆಯುವ ದ್ರಾವಣ, ಬ್ಯಾಗು ತೂಗಲು ಒಂದು ತೂಕದ ಯಂತ್ರ, ರಿಜಿಸ್ಟರ್. ಮರದ ಕಡ್ಡಿ ಒಂದು ಮಗುವಿಗೆ ಒಂದೇ, ಆಮೇಲೆ ಕಸಕ್ಕೆ. ತೊಳೆದು ಮತ್ತೆ ಬಳಸುವ ಪ್ರಶ್ನೆಯೇ ಇಲ್ಲ.

ಕೋಣೆಯ ಉದ್ದ 6 ಮೀಟರಿಗಿಂತ ಸ್ವಲ್ಪ ಜಾಸ್ತಿ ಇರಬೇಕು. ಮಳೆಗಾಲದಲ್ಲಿ ನಮ್ಮ ಎಷ್ಟೋ ಶಾಲೆಗಳ ಕೋಣೆ ಕತ್ತಲು. ಟ್ಯೂಬ್‌ಲೈಟ್ ಇರುವ ಕೋಣೆಯನ್ನೇ ಆರಿಸಿ, ಇಲ್ಲವಾದರೆ ಹಜಾರದಲ್ಲಿ ನೆರಳಿರುವ ಕಡೆ ಮಾಡಿ. ಚಾರ್ಟಿನ ಹಿಂದೆ ಕಿಟಕಿ ಇರಬಾರದು, ಬೆಳಕು ಮಗುವಿನ ಕಣ್ಣಿಗೆ ಹೊಡೆಯುತ್ತದೆ. ಲ್ಯಾಮಿನೇಟ್ ಮಾಡಿದ ಚಾರ್ಟ್ ಹೊಳೆಯುತ್ತಿದ್ದರೆ ಅದೂ ಆಗುವುದಿಲ್ಲ.

4. ಕಣ್ಣು

ನಿಮ್ಮ ಹತ್ತಿರ ಸಮಯ ಕಡಿಮೆ ಇದ್ದು ಮೂರರಲ್ಲಿ ಒಂದನ್ನೇ ಮಾಡಬಹುದು ಎಂದಾದರೆ, ಕಣ್ಣು ಮಾಡಿ. ಯಾಕೆಂದರೆ ಹಲ್ಲು ನೋಯುತ್ತದೆ, ಮಗು ತಾನೇ ಹೇಳುತ್ತದೆ. ಕಣ್ಣು ನೋಯುವುದಿಲ್ಲ. ಹುಟ್ಟಿದಾಗಿನಿಂದ ಮಸುಕಾಗಿಯೇ ನೋಡಿದ ಮಗುವಿಗೆ ಎಲ್ಲರಿಗೂ ಹೀಗೇ ಕಾಣುತ್ತದೆ ಎಂಬ ನಂಬಿಕೆ. ಬೋರ್ಡ್ ಕಾಣದೆ ಪಕ್ಕದವನ ಪುಸ್ತಕ ನೋಡಿ ಬರೆಯುತ್ತದೆ, ಬೈಸಿಕೊಳ್ಳುತ್ತದೆ, ಕೊನೆಗೆ "ದಡ್ಡ" ಅನ್ನಿಸಿಕೊಳ್ಳುತ್ತದೆ.

ಇನ್ನೊಂದು ಕಾರಣವೂ ಇದೆ. ಒಂದು ಕಣ್ಣು ಚೆನ್ನಾಗಿದ್ದು ಇನ್ನೊಂದು ಮಂಕಾಗಿದ್ದರೆ ಮಿದುಳು ಮಂಕಾದ ಕಣ್ಣನ್ನು ಬಳಸುವುದನ್ನೇ ನಿಧಾನಕ್ಕೆ ಬಿಟ್ಟುಬಿಡುತ್ತದೆ. ಇದಕ್ಕೆ ಲೇಜಿ ಐ, ಸೋಮಾರಿ ಕಣ್ಣು ಎನ್ನುತ್ತಾರೆ. ಸುಮಾರು ಏಳು ವರ್ಷದೊಳಗೆ ಹಿಡಿದರೆ ಕನ್ನಡಕ ಹಾಕಿಸಿ, ಒಳ್ಳೆಯ ಕಣ್ಣನ್ನು ದಿನಕ್ಕಿಷ್ಟು ಹೊತ್ತು ಮುಚ್ಚಿ ಸರಿಪಡಿಸುವುದು ಸುಲಭ. ತಡವಾದಷ್ಟೂ ಕಷ್ಟ. ಹಾಗಾಗಿ ಒಂದು, ಎರಡನೇ ಕ್ಲಾಸಿನ ಮಕ್ಕಳನ್ನು "ಇನ್ನೂ ಚಿಕ್ಕವರು" ಎಂದು ಬಿಡಬೇಡಿ. ಅವರಿಂದಲೇ ಶುರು ಮಾಡಿ.

*ಚಾರ್ಟ್.* ನೆದರ್‌ಲೆಂಡ್ಸ್‌ನ ಕಣ್ಣಿನ ಡಾಕ್ಟರ್ ಸ್ನೆಲೆನ್ 1862ರಲ್ಲಿ ಮಾಡಿದ ಚಾರ್ಟೇ ಇವತ್ತಿಗೂ ಎಲ್ಲ ಕಡೆ ಇರುವುದು. ಶಾಲೆಗೆ ಅಕ್ಷರದ ಚಾರ್ಟಿಗಿಂತ 'ಇ' ಚಾರ್ಟ್ ಒಳ್ಳೆಯದು. ಇಂಗ್ಲಿಷಿನ ಇ ಅಕ್ಷರ ಮೂರು ಹಲ್ಲಿನ ಬಾಚಣಿಗೆಯ ಹಾಗೆ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ತಿರುಗಿರುತ್ತದೆ. ಮಗು ಬೆರಳನ್ನು ಅದೇ ದಿಕ್ಕಿಗೆ ತೋರಿಸಿದರೆ ಸಾಕು. ಓದು ಬರಬೇಕಿಲ್ಲ, ಕನ್ನಡ ಬರಬೇಕಿಲ್ಲ. ನಿನ್ನೆ ತಾನೇ ಯಾದಗಿರಿಯಿಂದಲೋ ಬಿಹಾರದಿಂದಲೋ ಬಂದು ಸೇರಿದ ಮಗುವಿಗೂ ನಡೆಯುತ್ತದೆ.

6/6, 6/9, 6/12 ಎಂದರೇನು ಎಂದು ಎಲ್ಲರೂ ಕೇಳುತ್ತಾರೆ. ಮೇಲಿನ 6 ಅಂದರೆ ಮಗು ನಿಂತ ದೂರ, 6 ಮೀಟರ್. ಕೆಳಗಿನ ಅಂಕಿ ಅಂದರೆ ಸರಿಯಾದ ಕಣ್ಣಿನವರು ಆ ಸಾಲನ್ನು ಎಷ್ಟು ದೂರದಿಂದ ಓದಬಲ್ಲರು ಎನ್ನುವುದು. 6/12 ಅಂದರೆ ಬೇರೆಯವರು 12 ಮೀಟರಿನಿಂದ ಓದುವುದನ್ನು ಈ ಮಗು 6 ಮೀಟರಿಗೆ ಬಂದು ಓದುತ್ತಿದೆ.

ಇಲ್ಲಿ ಒಂದು ಎಚ್ಚರಿಕೆ. ನೆಟ್‌ನಿಂದ ಚಾರ್ಟ್ ಇಳಿಸಿ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸುವವರು ಜಾಸ್ತಿ. ಪ್ರಿಂಟರ್ ಅದನ್ನು ಹಾಳೆಗೆ ಹೊಂದಿಸಲು ಚಿಕ್ಕದು ಮಾಡಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಸ್ಕೇಲ್ ಇಟ್ಟು ಅಳೆಯಿರಿ. 6 ಮೀಟರ್ ಚಾರ್ಟಿನಲ್ಲಿ 6/60 ಸಾಲಿನ ದೊಡ್ಡ ಅಕ್ಷರ ಸುಮಾರು 87 ಮಿಲಿಮೀಟರ್ ಎತ್ತರ ಇರಬೇಕು. 6/12 ಸಾಲಿನದು ಹದಿನೇಳೂವರೆ, 6/9 ಸಾಲಿನದು 13 ಮಿಲಿಮೀಟರ್. ಹೊಂದದಿದ್ದರೆ ಆ ಚಾರ್ಟ್ ಬೇಡ. ಕೋಣೆ ಚಿಕ್ಕದಿದ್ದರೆ 3 ಮೀಟರಿನ ಚಾರ್ಟೇ ಬೇರೆ ಸಿಗುತ್ತದೆ. 6 ಮೀಟರಿನ ಚಾರ್ಟನ್ನು 3 ಮೀಟರಿನಲ್ಲಿ ಇಟ್ಟರೆ ಕಣ್ಣು ಸರಿಯಿಲ್ಲದ ಮಗುವೂ ಪಾಸಾಗುತ್ತದೆ.

*ಕ್ರಮ.* ಟೇಪಿನಿಂದಲೇ 6 ಮೀಟರ್ ಅಳೆದು ಸೀಮೆಸುಣ್ಣದಲ್ಲಿ ಗೆರೆ ಹಾಕಿ. ಹೆಜ್ಜೆ ಎಣಿಸಬೇಡಿ. ಚಾರ್ಟ್ ಮಗುವಿನ ಕಣ್ಣಿನ ಎತ್ತರಕ್ಕಿರಲಿ. ಮಗು ಗೆರೆಯ ಮೇಲೆ ನಿಲ್ಲಲಿ, ಮುಂದಕ್ಕೆ ಬಾಗಬಾರದು. ಮೊದಲು ಹತ್ತಿರ ಕರೆದು ದೊಡ್ಡ ಅಕ್ಷರ ತೋರಿಸಿ, ಬೆರಳು ತೋರಿಸುವ ಆಟ ಕಲಿಸಿ. ಅರ್ಥವಾಯಿತು ಎಂದ ಮೇಲೆ ಗೆರೆಗೆ ಕಳಿಸಿ. ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು. ಯಾವಾಗಲೂ ಅದೇ ಕ್ರಮ, ಬರೆಯುವಾಗ ಅದಲು ಬದಲಾಗುವುದಿಲ್ಲ. ಒಂದು ಸಾಲಿನಲ್ಲಿ ನಾಲ್ಕು ತೋರಿಸಿ, ಮೂರು ಸರಿ ಹೇಳಿದರೆ ಆ ಸಾಲು ಪಾಸು.

ಮೋಸ ಹೋಗುವ ಜಾಗಗಳು ಇವು. ಕೈಯಿಂದ ಕಣ್ಣು ಮುಚ್ಚಿದ ಮಗು ಬೆರಳ ಸಂದಿಯಿಂದ ನೋಡುತ್ತದೆ, ಇಲ್ಲವೇ ಕಣ್ಣನ್ನು ಒತ್ತಿ ಹಿಡಿಯುತ್ತದೆ. ಒತ್ತಿದ ಕಣ್ಣು ತೆರೆದಾಗ ಸ್ವಲ್ಪ ಹೊತ್ತು ಮಸುಕು, ಸುಮ್ನೆ ಫೇಲಾಗುತ್ತದೆ. ಅದಕ್ಕೇ ರಟ್ಟು ಬೇಕು, ಪ್ರತಿ ಮಗುವಿಗೂ ಬೇರೆ ಬೇರೆ. ಒಂದೇ ರಟ್ಟನ್ನು ಎಲ್ಲರಿಗೂ ಬಳಸಿದರೆ ಕೆಂಗಣ್ಣು ಒಬ್ಬರಿಂದ ಇಡೀ ಕ್ಲಾಸಿಗೆ ಹಬ್ಬಬಹುದು. ಇನ್ನು, ಸಾಲಿನಲ್ಲಿ ನಿಂತ ಮಕ್ಕಳು ಚಾರ್ಟ್ ಬಾಯಿಪಾಠ ಮಾಡಿಕೊಳ್ಳುತ್ತಾರೆ. ಫೇಲಾಗಬಾರದು ಎನ್ನುವ ಆಸೆ, ಪಾಪ. ಸಾಲನ್ನು ಬಾಗಿಲ ಹೊರಗೆ ನಿಲ್ಲಿಸಿ, ನಡುನಡುವೆ ಚಾರ್ಟ್ ತಲೆಕೆಳಗು ಮಾಡಿ. ಕಣ್ಣು ಕಿರಿದು ಮಾಡಿ ನೋಡುವ ಮಗು ಸರಿ ಹೇಳಿದರೂ ಅದನ್ನು ಗುರುತು ಹಾಕಿಕೊಳ್ಳಿ. ಕನ್ನಡಕ ಇರುವ ಮಗುವನ್ನು ಕನ್ನಡಕ ಹಾಕಿಸಿಯೇ ನೋಡಿ. ನಂಬರ್ ಹಳೆಯದಾಗಿದ್ದರೆ ಆಗಲೇ ಗೊತ್ತಾಗುವುದು.

*ಯಾರನ್ನು ಕಳಿಸಬೇಕು.* ಒಂದನೇ ಕ್ಲಾಸಿನಿಂದ ಮೇಲೆ, ಯಾವುದೇ ಒಂದು ಕಣ್ಣಿನಲ್ಲಿ 6/9 ಸಾಲು ಬಾರದಿದ್ದರೆ ಕಳಿಸಿ. ಎಲ್‌ಕೆಜಿ, ಯುಕೆಜಿ ಮಕ್ಕಳಿಗೆ 6/12 ಸಾಲು ಸಾಕು. ಎರಡು ಕಣ್ಣಿಗೂ ಎರಡು ಸಾಲಿನ ವ್ಯತ್ಯಾಸ ಇದ್ದರೂ ಕಳಿಸಿ. ಮೊದಲ ಸಲ ಫೇಲಾದವರನ್ನು ಅದೇ ದಿನ ಬೇಡ, ಇನ್ನೊಂದು ದಿನ ಬೇರೆಯವರಿಂದ ಮತ್ತೆ ನೋಡಿಸಿ. ಎರಡನೇ ಸಲ ಪಾಸಾಗುವವರು ಸಾಕಷ್ಟು ಮಂದಿ ಇರುತ್ತಾರೆ. ಆಸ್ಪತ್ರೆಯ ಸಾಲೂ ಉದ್ದವಾಗುವುದಿಲ್ಲ, ಒಂದು ದಿನದ ಕೂಲಿ ಬಿಟ್ಟು ಬರುವ ತಂದೆಗೂ ಸುಮ್ಮನೆ ತೊಂದರೆಯಿಲ್ಲ.

*ಟಾರ್ಚಿನ ಪರೀಕ್ಷೆ.* ಒಂದು ಅಡಿ ದೂರದಿಂದ ಎರಡೂ ಕಣ್ಣಿನ ನಡುವೆ ಟಾರ್ಚ್ ಬಿಡಿ. ಕಪ್ಪು ಗುಡ್ಡೆಯ ಮೇಲೆ ಬೆಳಕಿನ ಚುಕ್ಕಿ ಎರಡು ಕಣ್ಣಿನಲ್ಲೂ ಒಂದೇ ಜಾಗದಲ್ಲಿ ಕಂಡರೆ ಸರಿ. ಒಂದರಲ್ಲಿ ಅತ್ತಿತ್ತ ಸರಿದಿದ್ದರೆ ಮೆಳ್ಳೆಗಣ್ಣು ಇರಬಹುದು, ಕಳಿಸಿ. "ಮೆಳ್ಳೆಗಣ್ಣು ಅದೃಷ್ಟ, ದೊಡ್ಡವನಾದ ಮೇಲೆ ತಾನೇ ಸರಿಹೋಗುತ್ತೆ" ಎಂದು ಮನೆಯಲ್ಲಿ ಅಜ್ಜಿ ಹೇಳಿದ್ದರೆ ಪ್ರೀತಿಯಿಂದಲೇ ತಿಳಿಸಿ ಹೇಳಿ, ಸೋಮಾರಿ ಕಣ್ಣಿಗೆ ಇದೂ ಒಂದು ಕಾರಣ.

ಗುಡ್ಡೆಯ ನಡುವೆ ಬಿಳಿ ಕಂಡರೆ, ಅಥವಾ ಫೋಟೋದಲ್ಲಿ ಒಂದು ಕಣ್ಣು ಬಿಳಿಯಾಗಿ ಹೊಳೆಯುತ್ತದೆ ಎಂದು ಮನೆಯವರು ಹೇಳಿದರೆ, ಅದು ತಡಮಾಡುವ ವಿಷಯವಲ್ಲ. ಪೊರೆ ಇರಬಹುದು, ಕಣ್ಣಿನೊಳಗಿನ ಗಡ್ಡೆಯೂ ಇರಬಹುದು. ಅದೇ ವಾರ ಆಸ್ಪತ್ರೆಗೆ ಹೋಗಬೇಕು.

5. ಹಲ್ಲು

ಇದಕ್ಕೆ ಒಂದು ನಿಮಿಷ ಸಾಕು. ಮಗು ಬಾಯಿ ಮುಕ್ಕಳಿಸಿ ಬರಲಿ. ಬೆಳಕಿನ ಕಡೆ ಮುಖ ಮಾಡಿ ಕುರ್ಚಿಯಲ್ಲಿ ಕೂರಿಸಿ. ನೀವು ಕೈಯಿಂದ ಮುಟ್ಟುವುದೇ ಬೇಡ. ಮಗುವೇ ತನ್ನ ಬೆರಳಿನಿಂದ ತುಟಿ, ಕೆನ್ನೆ ಎಳೆದು ತೋರಿಸಲಿ, ನೀವು ಟಾರ್ಚ್ ಬಿಟ್ಟು ನೋಡಿ. ನಾಲಗೆ ಅಡ್ಡ ಬಂದರೆ ಮಾತ್ರ ಮರದ ಕಡ್ಡಿ. ಚೂಪಾದ ಯಾವ ಸಲಕರಣೆಯೂ ಬೇಡ.

ಏನು ನೋಡಬೇಕು? ಕಪ್ಪಗೆ, ಕಂದಾಗಿ ಗುಳಿ ಬಿದ್ದ ಹುಳುಕು. ವಸಡಿನ ಅಂಚಿನಲ್ಲಿ ಸುಣ್ಣ ಬಳಿದಂಥ ಬಿಳಿ ಪಟ್ಟಿ. ಹುಳುಕು ಶುರುವಾಗುವುದು ಹೀಗೇ, ಈ ಹಂತದಲ್ಲಿ ಫ್ಲೋರೈಡ್ ಪೇಸ್ಟಿನಿಂದ ಉಜ್ಜಿ, ಸಿಹಿ ಕಡಿಮೆ ಮಾಡಿದರೆ ಹಿಂದಕ್ಕೆ ಹೋಗಬಹುದು. ವಸಡಿನ ಮೇಲೆ ಮೊಡವೆಯಂಥ ಕೀವಿನ ಗುಳ್ಳೆ. ಉಜ್ಜಿದರೆ ರಕ್ತ ಬರುವ ಊದಿದ ವಸಡು. ಬಿದ್ದು ಮುರಿದ ಮುಂದಿನ ಹಲ್ಲು. ಹೈಸ್ಕೂಲು ಮಕ್ಕಳಲ್ಲಿ ಬಾಯಿ ಪೂರ್ತಿ ತೆರೆಯಲು ಆಗದಿದ್ದರೆ, ಒಳಗೆ ಬಿಳಿಚಿಕೊಂಡಿದ್ದರೆ, ಗುಟ್ಕಾ ಅಭ್ಯಾಸ ಇದೆಯಾ ಎಂದು ಬೈಯದೆ, ಒಬ್ಬರೇ ಇದ್ದಾಗ ಕೇಳಿ.

ಈ ಭಾಗದಲ್ಲಿ ನಾನು ಒತ್ತಿ ಹೇಳುವುದು ಒಂದು ಹಲ್ಲಿನ ಬಗ್ಗೆ. ಆರು ವರ್ಷದ ಆಸುಪಾಸಿನಲ್ಲಿ, ಹಾಲುಹಲ್ಲುಗಳ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆ ಸದ್ದಿಲ್ಲದೆ ಒಂದು ದವಡೆ ಹಲ್ಲು ಬರುತ್ತದೆ. ಮೇಲೆ ಎರಡು, ಕೆಳಗೆ ಎರಡು. ಇವು ಶಾಶ್ವತ ಹಲ್ಲು. ಏನೂ ಬಿದ್ದಿಲ್ಲವಲ್ಲ, ಇದೂ ಹಾಲುಹಲ್ಲೇ ಎಂದು ಮನೆಯವರು ತಿಳಿಯುತ್ತಾರೆ. "ಬಿದ್ದು ಹೊಸದು ಬರತ್ತೆ ಬಿಡಿ" ಎನ್ನುತ್ತಾರೆ. ಬರುವುದಿಲ್ಲ. ಎರಡನೇ ಕ್ಲಾಸಿನ ಮಗುವಿನ ಹಿಂದಿನ ದವಡೆ ಹಲ್ಲಿನಲ್ಲಿ ಕಪ್ಪು ಕಂಡರೆ ಅದು ಎಂಬತ್ತು ವರ್ಷ ಬಾಳಬೇಕಾದ ಹಲ್ಲು ಎಂದು ತಿಳಿದು ಕಳಿಸಿ. ಹುಳುಕು ಹಿಡಿಯುವ ಮೊದಲೇ ಆ ಹಲ್ಲಿನ ಸಂದಿಗಳನ್ನು ಸೀಲೆಂಟ್ ಎಂಬ ತೆಳು ಲೇಪದಿಂದ ಮುಚ್ಚಬಹುದು. ಕೊರೆಯುವುದಿಲ್ಲ, ನೋವಿಲ್ಲ. ಡೆಂಟಲ್ ಕಾಲೇಜಿನವರನ್ನು ಇದಕ್ಕಾಗಿಯೇ ಕೇಳಿ.

ಹಾಲುಹಲ್ಲಿನ ಹುಳುಕನ್ನೂ ಹಾಗೇ ಬಿಡಬಾರದು. ಕೀವು ಕೆಳಗಿನ ಹೊಸ ಹಲ್ಲಿಗೆ ತಾಗುತ್ತದೆ. ಹಾಲುಹಲ್ಲು ಬೇಗ ಹೋದರೆ ಪಕ್ಕದವು ಸರಿದು ಜಾಗ ಮುಚ್ಚಿ, ಹೊಸದು ಸೊಟ್ಟ ಬರುತ್ತದೆ.

ಎರಡು ತಪ್ಪು ತಿಳಿವಳಿಕೆಗಳನ್ನು ಇಲ್ಲೇ ಬಗೆಹರಿಸಿಬಿಡುತ್ತೇನೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಬೋರ್‌ವೆಲ್ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನಲ್ಲಿ ಬಿಳಿ ಗೆರೆ, ಕಂದು ಕಲೆ ಇರುತ್ತದೆ. ನೀರಿನಲ್ಲಿ ಫ್ಲೋರೈಡ್ ಜಾಸ್ತಿಯಾಗಿ ಬರುವ ಫ್ಲೋರೋಸಿಸ್ ಅದು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. "ಸರಿಯಾಗಿ ಉಜ್ಜಲ್ಲ ನೀನು" ಎಂದು ಆ ಮಗುವನ್ನು ಬೈಯಬೇಡಿ, ಅದು ಉಜ್ಜಿದರೆ ಹೋಗುವ ಕಲೆ ಅಲ್ಲ. ಎರಡನೆಯದು, ಎಂಟರಿಂದ ಹತ್ತು ವರ್ಷದ ಮಕ್ಕಳ ಮೇಲಿನ ಮುಂದಿನ ಹಲ್ಲುಗಳ ನಡುವೆ ಸಂದು ಇರುವುದು ಸಹಜ. ಕೋರೆಹಲ್ಲು ಬಂದಾಗ ಹೆಚ್ಚಿನವರಲ್ಲಿ ಮುಚ್ಚಿಕೊಳ್ಳುತ್ತದೆ. ಕ್ಲಿಪ್ ಹಾಕಿಸಲು ಅವಸರ ಬೇಡ.

ಶಾಲೆಯಲ್ಲೇ ಮಾಡಬಹುದಾದ ಒಂದು ಕೆಲಸ. ಬೆಳಿಗ್ಗೆ ಹಾಲು, ರಾಗಿ ಮಾಲ್ಟ್ ಕುಡಿದ ಮೇಲೆ, ಚಿಕ್ಕಿ ತಿಂದ ಮೇಲೆ, ಊಟವಾದ ಮೇಲೆ ಎಲ್ಲರೂ ನಲ್ಲಿಯ ಹತ್ತಿರ ಹೋಗಿ ಬಾಯಿ ಮುಕ್ಕಳಿಸಲಿ. ಮನೆಯಲ್ಲಿ ರಾತ್ರಿ ಮಲಗುವ ಮುಂಚೆ ಉಜ್ಜಲಿ, ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಸಾಕು.

ಇನ್ನೊಂದನ್ನು ಸ್ಟಾಫ್ ರೂಮಿನ ಗೋಡೆಗೆ ಬರೆದು ಅಂಟಿಸಿ. ಆಟದಲ್ಲಿ ಬಿದ್ದು ಶಾಶ್ವತ ಹಲ್ಲು ಇಡಿಯಾಗಿ ಕಿತ್ತು ಬಂದರೆ, ಬೇರಿನ ಭಾಗ ಮುಟ್ಟದೆ ಬಿಳಿ ಭಾಗ ಹಿಡಿದೆತ್ತಿ, ಹಾಲಿನಲ್ಲಿ ಹಾಕಿ, ತಕ್ಷಣ ಹಲ್ಲಿನ ಡಾಕ್ಟರ ಹತ್ತಿರ ಓಡಿ. ಅರ್ಧ ಗಂಟೆಯೊಳಗೆ ತಲುಪಿದರೆ ಮತ್ತೆ ಕೂರಿಸುವ ಅವಕಾಶ ಚೆನ್ನಾಗಿರುತ್ತದೆ. ಉಜ್ಜಿ ತೊಳೆಯಬಾರದು, ಕಾಗದದಲ್ಲಿ ಸುತ್ತಬಾರದು. ಹಾಲುಹಲ್ಲಾದರೆ ಮತ್ತೆ ಕೂರಿಸುವುದಿಲ್ಲ.

6. ಬೆನ್ನು ಮತ್ತು ಕಾಲು

ಇದು ಎಲ್ಲ ಮಕ್ಕಳಿಗೂ ಬೇಡ. ಬೆನ್ನುಮೂಳೆ ಪಕ್ಕಕ್ಕೆ ಬಾಗುವ ಸ್ಕೋಲಿಯೋಸಿಸ್ ಹೆಚ್ಚಾಗಿ ಕಾಣುವುದು ಮಕ್ಕಳು ಜೋರಾಗಿ ಉದ್ದ ಬೆಳೆಯುವ ವಯಸ್ಸಿನಲ್ಲಿ, ಅದರಲ್ಲೂ ಬಾಗು ಬೆಳೆಯುತ್ತಾ ಹೋಗುವುದು ಹೆಣ್ಣುಮಕ್ಕಳಲ್ಲಿ ಜಾಸ್ತಿ. ಹುಡುಗಿಯರನ್ನು 10 ಮತ್ತು 12ನೇ ವಯಸ್ಸಿನಲ್ಲಿ, ಹುಡುಗರನ್ನು 13 ಅಥವಾ 14ರಲ್ಲಿ ಒಮ್ಮೆ ನೋಡಿ ಎನ್ನುವುದು ಅಮೆರಿಕದ ಮೂಳೆ ವೈದ್ಯರ ಸಂಘಗಳ ಸಲಹೆ. ನಮ್ಮ ಲೆಕ್ಕದಲ್ಲಿ ಐದು, ಏಳು, ಎಂಟನೇ ಕ್ಲಾಸು. ಎಲ್ಲ ಶಾಲೆಗಳಲ್ಲೂ ಇದನ್ನು ಮಾಡಬೇಕೇ ಎನ್ನುವುದರಲ್ಲಿ ವೈದ್ಯರಲ್ಲೇ ಒಮ್ಮತ ಇಲ್ಲ. ನನ್ನ ಅಭಿಪ್ರಾಯ ಇಷ್ಟೇ: ಕಣ್ಣು, ಹಲ್ಲು ಚೆನ್ನಾಗಿ ಮಾಡಿ ಕೈ ಮಿಕ್ಕಿದರೆ ಇದನ್ನು ಮಾಡಿ.

ಹುಡುಗಿಯರನ್ನು ಮಹಿಳೆಯರೇ ನೋಡಬೇಕು, ಜೊತೆಗೆ ಇನ್ನೊಬ್ಬ ಟೀಚರ್ ಇರಲೇಬೇಕು. ಬಟ್ಟೆ ತೆಗೆಸುವುದು ಬೇಡ. ಪಿಟಿ ದಿನದ ತೆಳುವಾದ ಟೀಶರ್ಟ್ ಸಾಕು. ಇದರಲ್ಲಿ ಸ್ವಲ್ಪವೂ ರಾಜಿ ಬೇಡ. ಹೀಗೆ ಮಾಡಲು ಆಗದಿದ್ದರೆ ಈ ಪರೀಕ್ಷೆ ಬಿಟ್ಟುಬಿಡಿ.

ಮೊದಲು ಹಿಂದಿನಿಂದ ನೋಡಿ. ಒಂದು ಭುಜ ಮೇಲಿದೆಯಾ, ಒಂದು ಕಡೆಯ ಬೆನ್ನಿನ ಚಿಪ್ಪು ಹೊರಗೆ ಬಂದಿದೆಯಾ, ಸೊಂಟ ಒಂದು ಕಡೆ ಮೇಲಿದೆಯಾ? ಆಮೇಲೆ ಎರಡು ಕಾಲು ಜೋಡಿಸಿ, ಮಂಡಿ ಬಗ್ಗಿಸದೆ, ಅಂಗೈ ಜೋಡಿಸಿ ಕೈ ಇಳಿಬಿಟ್ಟು ಮುಂದಕ್ಕೆ ಬಗ್ಗಲಿ. ಹಿಂದಿನಿಂದ ಕಣ್ಣನ್ನು ಬೆನ್ನಿನ ಮಟ್ಟಕ್ಕೆ ತಂದು ನೋಡಿ. ಒಂದು ಕಡೆ ಪಕ್ಕೆ ಗುಡ್ಡದ ಹಾಗೆ ಎದ್ದಿದ್ದರೆ ಕಳಿಸಿ. ಸ್ಕೋಲಿಯೋಮೀಟರ್ ಎಂಬ ಸಣ್ಣ ಸಲಕರಣೆ ಇದೆ, ಬಡಗಿಯ ರಸಮಟ್ಟದ ಹಾಗೆ ಓರೆಯನ್ನು ಅಳೆಯುತ್ತದೆ. ಅದರಲ್ಲಿ 7 ಡಿಗ್ರಿ ಅಥವಾ ಜಾಸ್ತಿ ಬಂದರೆ ಡಾಕ್ಟರ್ ನೋಡಬೇಕು. ಒಂದು ಕಾಲು ಗಿಡ್ಡ ಇದ್ದರೂ ಬೆನ್ನು ಓರೆ ಕಾಣುತ್ತದೆ. ಅನುಮಾನವಿದ್ದರೆ ಬೆಂಚಿನ ಮೇಲೆ ಕೂರಿಸಿ ಬಗ್ಗಿಸಿ, ಓರೆ ಹೋದರೆ ಕಾಲಿನದು.

ಗೂನು ಹಾಕಿ ಕೂರುವ ಮಗುವಿಗೆ "ನೆಟ್ಟಗೆ ನಿಲ್ಲು" ಎಂದು ಹೇಳಿ. ನಿಂತು ಬೆನ್ನು ನೆಟ್ಟಗಾದರೆ ಅದು ಅಭ್ಯಾಸ, ಕಾಯಿಲೆಯಲ್ಲ. ನೆಟ್ಟಗಾಗದಿದ್ದರೆ ಕಳಿಸಿ. ಕಾಲಿನ ವಿಷಯದಲ್ಲೂ ಅವಸರ ಬೇಡ. ಚಿಕ್ಕ ಮಕ್ಕಳ ಪಾದ ಚಪ್ಪಟೆ ಇರುವುದು ಸಹಜ. ತುದಿಗಾಲಲ್ಲಿ ನಿಂತಾಗ ಪಾದದ ಕಮಾನು ಕಂಡರೆ, ನೋವಿಲ್ಲದಿದ್ದರೆ, ದುಬಾರಿ ಬೂಟು ಬೇಕಿಲ್ಲ. ಮಂಡಿಗಳು ಒಂದಕ್ಕೊಂದು ತಾಗುವುದೂ ಏಳೆಂಟು ವರ್ಷದೊಳಗೆ ಹೆಚ್ಚಿನವರಲ್ಲಿ ಸರಿಹೋಗುತ್ತದೆ. ಆದರೆ ಕುಂಟುವ ಮಗು, ರಾತ್ರಿ ಬೆನ್ನುನೋವಿಗೆ ಎಚ್ಚರವಾಗುವ ಮಗು, ಕಾಲು ಸೋಲುತ್ತದೆ ಎನ್ನುವ ಮಗು, ಇವರನ್ನು ಯಾವ ಪರೀಕ್ಷೆಯೂ ಇಲ್ಲದೆ ನೇರ ಕಳಿಸಿ.

ಬ್ಯಾಗನ್ನೂ ತೂಗಿ. ಭಾರದ ಬ್ಯಾಗಿನಿಂದ ಸ್ಕೋಲಿಯೋಸಿಸ್ ಬರುತ್ತದೆ ಎನ್ನುವುದಕ್ಕೆ ಆಧಾರ ಇಲ್ಲ, ಆದರೆ ಬೆನ್ನು, ಭುಜ ನೋಯುವುದು ನಿಜ. 2019ರಲ್ಲಿ ಕರ್ನಾಟಕ ಸರ್ಕಾರ ಮಿತಿ ಹಾಕಿದೆ. ಒಂದು, ಎರಡನೇ ಕ್ಲಾಸಿಗೆ ಒಂದೂವರೆಯಿಂದ 2 ಕಿಲೋ, ಮೂರರಿಂದ ಐದಕ್ಕೆ 2ರಿಂದ 3, ಆರರಿಂದ ಎಂಟಕ್ಕೆ 3ರಿಂದ 4, ಒಂಬತ್ತು, ಹತ್ತಕ್ಕೆ 4ರಿಂದ 5 ಕಿಲೋ. ತೂಕ ಮೀರಿದ್ದರೆ ಮಗುವಿಗಲ್ಲ, ಟೈಮ್‌ಟೇಬಲ್ ಮಾಡುವವರಿಗೆ ಹೇಳಿ.

7. ತಪಾಸಣೆ ಮುಗಿದ ಮೇಲೆ

ಅಸಲಿ ಕೆಲಸ ಇಲ್ಲಿಂದ ಶುರು. ಕಳಿಸಬೇಕಾದ ಪ್ರತಿ ಮಗುವಿಗೆ ಒಂದು ಚೀಟಿ ಬರೆಯಿರಿ. ಏನು ಕಂಡಿತು, ಯಾವ ಆಸ್ಪತ್ರೆ, ಯಾವ ದಿನ, ಎಷ್ಟು ಗಂಟೆಗೆ, ಏನು ಜೊತೆಗೆ ತರಬೇಕು, ಯಾವ ಬಸ್ಸು. ಒಂದು ಪ್ರತಿ ಮನೆಗೆ, ಒಂದು ಶಾಲೆಗೆ. ಮಗುವಿನ ಬ್ಯಾಗಿಗೆ ಹಾಕಿ ಕಳಿಸಿದ ಚೀಟಿ ಮನೆ ಸೇರುತ್ತದೆ ಎಂದು ನಂಬಬೇಡಿ. ಫೋನ್ ಮಾಡಿ.

ಮನೆಯವರು ಯಾಕೆ ಹೋಗುವುದಿಲ್ಲ ಎಂದು ನೋಡಿದರೆ, ಕಾಳಜಿ ಇಲ್ಲದೆ ಅಲ್ಲ. ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ಗಾರ್ಮೆಂಟ್ಸ್‌ಗೆ ಹೋಗುವ ತಾಯಿಗೆ ಒಂದು ದಿನ ರಜೆ ಹಾಕಿದರೆ ಸಂಬಳ ಕಡಿತ. ಭಾನುವಾರ ರಜೆ ಇದ್ದರೆ ಒಪಿಡಿ ಇಲ್ಲ. ಇದಕ್ಕೆ ನನಗೆ ತಿಳಿದ ಒಳ್ಳೆಯ ದಾರಿ ಒಂದೇ. ಐದಾರು ಮಕ್ಕಳನ್ನು ಸೇರಿಸಿ, ಬಿಡುವಿರುವ ಇಬ್ಬರು ತಾಯಂದಿರು ಮತ್ತು ಒಬ್ಬ ಟೀಚರ್ ಜೊತೆಯಾಗಿ ಕರೆದುಕೊಂಡು ಹೋಗುವುದು. ಉಳಿದ ಮನೆಗಳಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆದಿರಬೇಕು. ಶಕ್ತಿ ಯೋಜನೆಯಲ್ಲಿ ಬಿಎಂಟಿಸಿ ಸಾಮಾನ್ಯ ಬಸ್ಸಿನಲ್ಲಿ ಕರ್ನಾಟಕದ ಹೆಂಗಸರಿಗೆ, ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚಿಲ್ಲ, ಗುರುತಿನ ಚೀಟಿ ಮರೆಯಬಾರದು. ಬೆಳಿಗ್ಗೆ ಬೇಗ ಹೊರಡಿ, ತಿಂಡಿ ಕಟ್ಟಿಕೊಳ್ಳಿ.

ಕಣ್ಣಿನ ಆಸ್ಪತ್ರೆಯಲ್ಲಿ ಮಕ್ಕಳಿಗೆ ಗುಡ್ಡೆ ಅಗಲವಾಗುವ ಹನಿ ಹಾಕಿ ನಂಬರ್ ನೋಡುತ್ತಾರೆ. ಮಕ್ಕಳ ಕಣ್ಣು ತಾನೇ ಬಿಗಿಹಿಡಿದು ಹೊಂದಿಸಿಕೊಳ್ಳುವುದರಿಂದ, ಹನಿ ಇಲ್ಲದೆ ಕಂಪ್ಯೂಟರಿನಲ್ಲಿ ನೋಡಿದರೆ ನಂಬರ್ ತಪ್ಪು ಬರಬಹುದು. ಹಾಗಾಗಿ ಮೊದಲ ಕನ್ನಡಕಕ್ಕೆ ನೇರವಾಗಿ ಅಂಗಡಿಗೆ ಹೋಗಬೇಡಿ. ಹನಿ ಹಾಕಿದ ಮೇಲೆ ಒಂದೆರಡು ದಿನ, ಕೆಲವು ಔಷಧಿಗೆ ಇನ್ನೂ ಜಾಸ್ತಿ ದಿನ, ಹತ್ತಿರದ್ದು ಮಸುಕು, ಬಿಸಿಲು ಚುಚ್ಚುತ್ತದೆ. ಟೀಚರಿಗೆ ಮೊದಲೇ ತಿಳಿಸಿ, ಟೆಸ್ಟಿನ ವಾರ ಹೋಗಬೇಡಿ.

ಕನ್ನಡಕ ಬಂದ ಮೇಲೆ ಎರಡು ಮಾತು ಕೇಳಿಸುತ್ತವೆ. "ಕನ್ನಡಕ ಹಾಕಿದ್ರೆ ನಂಬರ್ ಜಾಸ್ತಿ ಆಗತ್ತೆ." ಆಗುವುದಿಲ್ಲ. ಮಗು ಬೆಳೆದಂತೆ ಕಣ್ಣೂ ಬೆಳೆದು ನಂಬರ್ ಏರುತ್ತದೆ, ಕನ್ನಡಕ ಹಾಕಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ದಿನಕ್ಕೆ ಎರಡು ಗಂಟೆ ಬಯಲಿನ ಬೆಳಕಿನಲ್ಲಿ ಆಡಿದರೆ ದೂರದ್ದು ಕಾಣದ ತೊಂದರೆ ಶುರುವಾಗುವ ಸಾಧ್ಯತೆ ಕಡಿಮೆಯಾಗುತ್ತದೆ. ಹಾಗಾಗಿ ಆಟದ ಪಿರಿಯಡ್ ಕಿತ್ತು ಗಣಿತಕ್ಕೆ ಕೊಡಬೇಡಿ. ಇನ್ನೊಂದು ಮಾತು, "ಹೆಣ್ಣು ಮಗು, ಕನ್ನಡಕ ಹಾಕಿದ್ರೆ ಮುಂದೆ ಮದುವೆಗೆ ಕಷ್ಟ." ಈ ಮಾತಿಗೆ ವಾದ ಮಾಡುವುದಕ್ಕಿಂತ, ಮಗು ಬೋರ್ಡ್ ಮೇಲಿನದನ್ನು ತಾನೇ ಓದುವುದನ್ನು ತಾಯಿಯನ್ನು ಕ್ಲಾಸಿಗೆ ಕರೆದು ತೋರಿಸಿ. ಒಮ್ಮೆ ಹೀಗೆ ಕರೆದ ತಾಯಿಯೊಬ್ಬರು ಹಿಂದಿನ ಬೆಂಚಿನಲ್ಲಿ ಕೂತು ಸುಮ್ಮನೆ ಅತ್ತುಬಿಟ್ಟರು. ಆ ಮಗುವಿನ ಕನ್ನಡಕ ಆಮೇಲೆ ಮನೆಯಲ್ಲಿ ಉಳಿಯಲೇ ಇಲ್ಲ.

ರಿಜಿಸ್ಟರಿನಲ್ಲಿ ಪ್ರತಿ ಹೆಸರಿನ ಮುಂದೆ ನಾಲ್ಕು ಖಾನೆ ಇರಲಿ: ಚೀಟಿ ಕೊಟ್ಟ ದಿನ, ಆಸ್ಪತ್ರೆಗೆ ಹೋದ ದಿನ, ಕನ್ನಡಕ ಅಥವಾ ಚಿಕಿತ್ಸೆ ಸಿಕ್ಕ ದಿನ, ಮೂರು ತಿಂಗಳ ಮೇಲೆ ನೋಡಿದ ದಿನ. ಹದಿನೈದು ದಿನಕ್ಕೊಮ್ಮೆ ಖಾಲಿ ಖಾನೆಗಳಿಗೆ ಫೋನ್ ಮಾಡಿ. ಮೂರು ತಿಂಗಳಾದ ಮೇಲೆ ಹೇಳದೆ ಕ್ಲಾಸಿಗೆ ಹೋಗಿ, ಕನ್ನಡಕ ಮುಖದ ಮೇಲಿದೆಯಾ ನೋಡಿ. ಇಲ್ಲದಿದ್ದರೆ ಬೈಯಬೇಡಿ, ಯಾಕೆ ಎಂದು ಕೇಳಿ. ಕಿವಿಯ ಹಿಂದೆ ಒತ್ತುತ್ತಿರಬಹುದು, ಕಡ್ಡಿ ಮುರಿದಿರಬಹುದು, ಯಾರೋ ಚುಡಾಯಿಸಿರಬಹುದು. ಮೂರಕ್ಕೂ ಪರಿಹಾರ ಇದೆ.

ತಪಾಸಣೆಯ ದಿನ ಶಾಲೆಗೆ ಬಾರದ ಮಕ್ಕಳ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆದು, ಮುಂದಿನ ವಾರವೇ ಅವರಿಗೆ ಇನ್ನೊಂದು ಬೆಳಿಗ್ಗೆ ಇಡಿ. ಪದೇ ಪದೇ ಗೈರಾಗುವ ಮಗುವಿಗೇ ತೊಂದರೆ ಇರುವ ಸಾಧ್ಯತೆ ಜಾಸ್ತಿ ಅಲ್ವಾ? ಏಳನೇ ಕ್ಲಾಸು ಮುಗಿಸಿ ಬೇರೆ ಹೈಸ್ಕೂಲಿಗೆ ಹೋಗುವ ಮಗುವಿಗೆ ಟಿಸಿ ಕೊಡುವಾಗ, ರಿಜಿಸ್ಟರಿನ ಆ ಸಾಲನ್ನು ಒಂದು ಕಾರ್ಡಿನಲ್ಲಿ ಬರೆದು ತಾಯಿಯ ಕೈಗೇ ಕೊಡಿ.